ಕೊನೆಯ ಕನ್ನಡಿಯ ಬಿಸಿ

ಮೂವತ್ತು ವರ್ಷ ಗಾಜು ಉಜ್ಜಿ ಕನ್ನಡಿ ಮಾಡಿದ ಅಮ್ಮನಿಗೆ, ನಿವೃತ್ತಿಗೆ ಮುನ್ನ ದೂರದರ್ಶಕಕ್ಕೆ ಹೋಗುವ ಈ ಸಪಾಟು ಕನ್ನಡಿಯೇ ಕೊನೆಯದು. ಇದೊಂದು ಸರಿಹೋದರೆ ಸಾಕು ಎಂದುಕೊಂಡಿದ್ದಳು. ಪರೀಕ್ಷೆ ಮಾಡುವವಳು ಮಗಳೇ. ಗಾಜಿನ ಮಟ್ಟ ಅಳೆಯುವ ಇಂಟರ್‌ಫೆರೋಮೀಟರಿನಲ್ಲಿ ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ಮಾದರಿ ಕನ್ನಡಿಗೂ ಇನ್ನೊಂದನ್ನು ಅಮ್ಮನದಕ್ಕೂ ಕಳಿಸಿದಳು. ಮರಳಿ ಬಂದ ಎರಡೂ ಬೆರೆತು ಪರದೆಯ ಮೇಲೆ ಕಪ್ಪುಬಿಳಿ ಪಟ್ಟೆಗಳಾದವು. ಗಾಜು ಸಮವಾಗಿದ್ದರೆ ಪಟ್ಟೆಗಳು ನೆಟ್ಟಗಿರಬೇಕು. ಇವು ಬಾಗಿದ್ದವು.

“ನನ್ನ ಕೈ ಕೆಟ್ಟೋಯ್ತು ಕಣೇ,” ಅಮ್ಮನ ದನಿ ಕುಗ್ಗಿತು.

“ಎದೆಗವಚಿಕೊಂಡು ತಂದ್ಯಾ?”

“ಮತ್ತೆ? ಕೊನೇದಲ್ವಾ!”

“ಬಿಸಿ ತಾಗಿದ್ರೆ ಗಾಜು ಉಬ್ಬುತ್ತೆ ಅಂತ ಊರಿಗೆಲ್ಲ ಬೈತಿದ್ದೋಳು ನೀನೇ! ಕೂತ್ಕೋ, ಆರಲಿ.”

ಇಬ್ಬರೂ ಕಾದರು. ಅಮ್ಮನ ಮೈಬಿಸಿ ಗಾಜಿನಿಂದ ಇಳಿದಂತೆ ಪಟ್ಟೆಗಳು ಮೆಲ್ಲಗೆ ನೆಟ್ಟಗಾದವು.

“ಪೆಟ್ಟಿಗೇಲಿ ನೀನೇ ಇಡು,” ಎಂದು ಅಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.