ಮೂರು ಪಿಸ್ತೂಲಿಗೆ ಒಂದೇ ಮದ್ದು

ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮುಂಬಯಿಗೆ ಬಂದವನು ನಾನು. ಜೋಗೇಶ್ವರಿಯ ಒಂದು ಲೇಥ್ ವರ್ಕ್‌ಶಾಪಿನಲ್ಲಿ ಕೈ ಪಳಗಿತು. ಈಗ ಬಹಳ ವರ್ಷಗಳಿಂದ ಸಿನಿಮಾದವರಿಗೆ ಬಂದೂಕು ಬಾಡಿಗೆ ಕೊಡುವ ಅಂಗಡಿಯಲ್ಲಿದ್ದೇನೆ. ಗುಂಡಿಲ್ಲದ ತೋಟಾ ತುಂಬುವುದು ನನ್ನ ಕೆಲಸ. ಒಳಗೆ ಮದ್ದು ಇರುತ್ತದೆ, ಸೀಸ ಇರುವುದಿಲ್ಲ. ಬಾಯಿಗೆ ಕಾಗದದ ಬಿಲ್ಲೆ. ಪರವಾನಗಿ ಮಾಲೀಕರದು, ಕೈ ನನ್ನದು. ಈ ಕೆಲಸ ನನಗೆ ಯಾರೂ ಕಲಿಸಿದ್ದಲ್ಲ.

ಒಮ್ಮೆ ಒಂದು ವೆಬ್ ಸೀರೀಸಿನವರು ಮೂರು ಥರದ್ದು ಕೇಳಿದರು: ಒಂದು ರಿವಾಲ್ವರ್, ಪೊಲೀಸ್ ಪಾತ್ರಕ್ಕೆ ಒಂದು ದೊಡ್ಡ ಪಿಸ್ತೂಲು, ನಾಯಕಿಗೆ ಅಂಗೈಯಗಲದ ಒಂದು ಚಿಕ್ಕದು. ಮೊದಲೆಲ್ಲ ಒಂದೊಂದಕ್ಕೆ ಒಂದೊಂದು ಮದ್ದು ಒಯ್ಯುತ್ತಿದ್ದೆ. ಮಾಲೀಕರು ಈ ಸಲ ಒಂದೇ ಡಬ್ಬಿ ಒಯ್ಯಿ ಎಂದರು. ಸರಿಯಾದ ಮಾತೇ. ಶೂಟಿಂಗಿನ ಗದ್ದಲದಲ್ಲಿ ಮೂರು ಡಬ್ಬಿ ತೆರೆದಿಟ್ಟುಕೊಂಡು ಕೂತರೆ ಎಂದಾದರೂ ಒಂದರದು ಇನ್ನೊಂದಕ್ಕೆ ಹೋಗುತ್ತದೆ. ನಾನು ಎಲ್ಲಕ್ಕಿಂತ ಜೋರು ಸದ್ದಿನ ಮದ್ದನ್ನು ಆರಿಸಿದೆ. ಡೈರೆಕ್ಟರುಗಳು ನನ್ನನ್ನು ಹೊಗಳಿದ್ದೆಲ್ಲ ಆ ಸದ್ದಿಗೇ.

ಶೂಟಿಂಗಿನ ಹಿಂದಿನ ದಿನ ಪರೀಕ್ಷೆ. ಎದುರಿಗೆ ನಿಲ್ಲುವವನ ಮುಖ ಎಲ್ಲಿ ಬರುತ್ತದೋ ಅಲ್ಲಿ ಫೈಟ್ ಮಾಸ್ಟರ್ ಒಂದು ಬಿಳಿ ಬಟ್ಟೆ ಕಟ್ಟಿಸುತ್ತಾರೆ. ನಳಿಗೆಯನ್ನು ಮುಖದಿಂದ ಪಕ್ಕಕ್ಕೆ ಹಿಡಿಯುವುದು ರೂಢಿ. ಆದರೆ ಸಿಡಿಯುವ ಮದ್ದಿನ ಕಾಳು ರೂಢಿ ನೋಡುವುದಿಲ್ಲ. ರಿವಾಲ್ವರ್, ದೊಡ್ಡ ಪಿಸ್ತೂಲು ಎರಡೂ ಚೆನ್ನಾಗಿ ಹಾರಿದವು. ಚಿಕ್ಕದನ್ನು ಹಾರಿಸಿದಾಗ ಮಾಸ್ಟರ್ ಬಟ್ಟೆಯ ಹತ್ತಿರ ಹೋಗಿ ನಿಂತರು. ಅವರು ಉಡುಪಿ ಕಡೆಯವರು.

“ಎಂಥ ಮಾರಾಯ, ಬಟ್ಟೆಗೆ ಒಗ್ಗರಣೆ ಹಾಕಿದ ಹಾಗೆ ಉಂಟಲ್ಲ!”

ಸಾಸಿವೆಯಷ್ಟು ಕಪ್ಪು ಚುಕ್ಕೆಗಳು, ನಡುನಡುವೆ ಸುಟ್ಟ ತೂತು. ನಾನು ಆರಿಸಿದ್ದ ನಿಧಾನ ಉರಿಯುವ ಮದ್ದು ಆ ಗಿಡ್ಡ ನಳಿಗೆಯಲ್ಲಿ ಪೂರ್ತಿ ಉರಿಯದೆ ಹೊರಗೆ ಹಾರಿತ್ತು.

“ಆವಾಜ್ ಕೇಳಿದ್ರಿಲ್ರೀ, ಮಾಸ್ಟರ್? ಹೆಂಗ ಬಂತು!” ಎಂದೆ.

“ಆವಾಜ್ ಸ್ಟುಡಿಯೋದಲ್ಲಿ ಆಮೇಲೆ ಹಾಕ್ತಾರೆ. ಇವನಿಗೆ ಕಣ್ಣು ಸ್ಟುಡಿಯೋದಲ್ಲಿ ಹಾಕ್ಲಿಕ್ಕೆ ಆಗ್ತದಾ?”

ಇವನು ಎಂದರೆ ನಾಯಕನ ಬದಲಿಗೆ ನಿಲ್ಲಬೇಕಾಗಿದ್ದ ಡೂಪ್. “ಚಾಚಾ, ಕಲ್ ಇಧರ್ ಮೈ ಖಡಾ ರಹೂಂಗಾ,” ಎಂದ. ನಾಳೆ ಇಲ್ಲಿ ನಿಲ್ಲುವವನು ತಾನೇ ಎಂದು ನೆನಪಿಸಿದ, ಅಷ್ಟೆ. ನನಗೆ ಸಿಟ್ಟು ಬಂತು. ತೋರಿಸಲಿಲ್ಲ.

ಆ ಮಧ್ಯಾಹ್ನವೇ ನಮ್ಮ ಅಂಗಡಿಗೆ ಬಂದು ಉಳಿದ ಎರಡು ಡಬ್ಬಿ ಕೆಳಗಿಳಿಸಿದೆ. ಮೊದಲನೆಯದು ಬೇಗ ಉರಿಯುವುದು. ಚಿಕ್ಕ ಪಿಸ್ತೂಲಿನಿಂದ ಹಾರಿಸಿದರೆ ಬಟ್ಟೆಗೆ ಒಂದು ಚುಕ್ಕೆಯೂ ಬೀಳಲಿಲ್ಲ. ಆದರೆ ರಿವಾಲ್ವರಿನ ಉದ್ದ ತೋಟಾದಲ್ಲಿ ಅದು ತಳದಲ್ಲಿ ಚಿಟಿಕೆಯಷ್ಟು ಕೂರುತ್ತದೆ. ಕೈ ಮರೆತು ಎರಡು ಸಲ ಹಾಕಿದರೂ ಹಿಡಿಸುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ; ಹಾರಿಸಿದರೆ ಬಂದೂಕೇ ಒಡೆದೀತು. ನನ್ನ ಕೈ ಮರೆಯುವುದಿಲ್ಲ ಎಂದು ಬಹಳ ದಿನ ಹೇಳಿಕೊಂಡಿದ್ದೆ. ಅವತ್ತು ಹಾಗೆ ಹೇಳಿಕೊಳ್ಳಲು ಆಗಲಿಲ್ಲ.

ಇನ್ನೊಂದು ಅವಲಕ್ಕಿ ನುಚ್ಚಿನಂಥ ಹಗುರ ಮದ್ದು. ಸದ್ದು ಸಪ್ಪೆ ಎಂದು ಹಿಂದೆ ತಳ್ಳಿಟ್ಟಿದ್ದೆ. ಮೂರೂ ಅಳತೆಯ ತೋಟಾದಲ್ಲಿ ಅದು ಅರ್ಧಕ್ಕಿಂತ ಮೇಲೆ ನಿಂತಿತು. ಎರಡನೆಯ ಸಲ ಹಾಕಿ ನೋಡಿದರೆ ಮೇಜಿನ ಮೇಲೆ ಚೆಲ್ಲಿತು. ತಪ್ಪಾದರೆ ತಾನೇ ಹೇಳುವ ಮದ್ದು. ದೊಡ್ಡ ಪಿಸ್ತೂಲಿಗೆ ಸ್ವಲ್ಪ ಮೆತ್ತಗಾಯಿತು, ಆದರೂ ಖಾಲಿ ತೋಟಾಗಳನ್ನು ಸರಿಯಾಗಿ ಹೊರಗೆಸೆಯಿತು.

ಮರುದಿನ ಅದೊಂದೇ ಡಬ್ಬಿ ಒಯ್ದೆ. ಮತ್ತೆ ಬಿಳಿ ಬಟ್ಟೆ ಕಟ್ಟಿದರು. “ನಿನ್ನಿದು ನನ್ನ ತಪ್ಪ್ರಿ, ಮಾಸ್ಟರ್. ಆವಾಜಿಗೆ ನೋಡಿ ಆರಿಸಿದ್ದೆ,” ಎಂದೆ. ಚಿಕ್ಕದನ್ನು ಹಾರಿಸಿದ ಮೇಲೆ ಅವರು ಹೋಗಿ ಬಟ್ಟೆ ನೋಡಿದರು. ತೆಳ್ಳನೆಯ ಬೂದಿ ಬಿಟ್ಟರೆ ಏನಿಲ್ಲ. ಡೂಪ್ ಹೆಬ್ಬೆರಳಿನಿಂದ ಅದನ್ನು ಒರೆಸಿ ನೋಡಿ, ಹೋಗಿ ತನ್ನ ಜಾಗದಲ್ಲಿ ನಿಂತ.

ಶಾಟ್ ಮುಗಿಯಿತು. “ಆವಾಜ್ ಠಂಡಾ ಹೈ, ದಾದಾ,” ಎಂದು ಮಾನಿಟರಿನ ಹಿಂದಿನಿಂದ ಡೈರೆಕ್ಟರ್ ಹೇಳಿದ. ಇಷ್ಟು ವರ್ಷಗಳಲ್ಲಿ ಸದ್ದು ಸಪ್ಪೆ ಎಂಬ ಮಾತನ್ನು ನಾನು ಕೇಳಿಸಿಕೊಂಡದ್ದು ಅದೇ ಮೊದಲು. ಖಾಲಿ ತೋಟಾ ಹೆಕ್ಕಿಕೊಂಡು ಮೇಜಿಗೆ ಬಂದೆ.

ಡೂಪ್ ನನ್ನ ಮೇಜಿನ ಹತ್ತಿರ ಬಂದು ಒಂದು ಕಣ್ಣು ಮುಚ್ಚಿದ, ಆಮೇಲೆ ಇನ್ನೊಂದು. “ದೋನೋ ಚಾಲೂ ಹೈ, ಚಾಚಾ,” ಎಂದ, ಎರಡೂ ಕಣ್ಣು ನೆಟ್ಟಗಿವೆ ಎಂದು.

“ಹಟ್, ದೂರ ನಿಲ್ಲು. ಮದ್ದೈತಿ ಇಲ್ಲೆ,” ಎಂದು ಅವನನ್ನು ಸರಿಸಿ, ರಿವಾಲ್ವರಿನ ತೋಟಾ ತುಂಬಲು ಅದೇ ಡಬ್ಬಿಯ ಮುಚ್ಚಳ ತೆರೆದೆ.