ಉಗುಳಿದ ತುತ್ತು

ಎನಿಡ್ ಕ್ಲೆಗ್ ಎಂದರೆ ಅಮೆರಿಕದವರಿಗೆ ಬಾಯಿಗಿಟ್ಟ ಕೇಕನ್ನು ಉಗುಳುವ ಹೆಂಗಸು. ಟೀವಿಯ ಕೇಕ್ ಸ್ಪರ್ಧೆಯಲ್ಲಿ ತೀರ್ಪುಗಾರ್ತಿ. ಬೆಳ್ಳಗಿನ ಕೂದಲು, ಕೊರಳಲ್ಲಿ ಮುತ್ತಿನ ಸರ, ನಾಲಿಗೆಯಂತೂ ಕತ್ತರಿ. ಆ ಮುಖಕ್ಕೆ ದಿನಾ ಬಣ್ಣ ಹಚ್ಚುತ್ತಿದ್ದವಳು ನಾನು, ಡಿಲಿಸ್. ವೇಲ್ಸ್ ಬಿಟ್ಟು ಲಾಸ್ ಏಂಜಲೀಸಿಗೆ ಬಂದು ಅರ್ಧ ಆಯಸ್ಸೇ ಕಳೆಯಿತು. ಇಲ್ಲಿಯವರು ನನ್ನನ್ನೂ ಇಂಗ್ಲೆಂಡಿನವಳು ಅನ್ನುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟಿದ್ದೇನೆ.

ಎನಿಡ್ ಮೊದಲು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಊರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದಳು. ಅಲ್ಲಿಯ ಟೀವಿಯವರು ಚಿತ್ರೀಕರಣಕ್ಕೆಂದು ಬಂದಾಗ ಕ್ಯಾಮೆರಾದವನಿಗೆ, "ಏಯ್, ಮೊದ್ಲು ಕೈ ತೊಳ್ಕೊಂಡು ಬಾ, ಇದು ಮಕ್ಕಳು ತಿನ್ನೋ ಜಾಗ" ಅಂದಳಂತೆ. ಊರೆಲ್ಲ ನಕ್ಕಿತು, ಅವಳಿಗೆ ಬೆಳಗಿನ ಕಾರ್ಯಕ್ರಮ ಸಿಕ್ಕಿತು. ಕೆಲವು ವರ್ಷ ಕಳೆದ ಮೇಲೆ ಅಮೆರಿಕದವರು ಕರೆಸಿಕೊಂಡರು.

ಇಲ್ಲಿಗೆ ಬಂದ ಮೊದಲ ದಿನ ಒಬ್ಬ ಹುಡುಗಿಯ ಕೇಕ್ ತಿಂದು "ಪರವಾಗಿಲ್ಲ" ಅಂದಳು. ಬ್ರಿಟನ್ನಿನಲ್ಲಿ ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆಯೇ ಇಲ್ಲ. ಮದುವೆಯ ದಿನ ಸಿಂಗರಿಸಿಕೊಂಡು ಬಂದ ಹೆಂಡತಿಗೂ ಗಂಡಸರು ಅಷ್ಟೇ ಹೇಳುವುದು. ಆ ಹುಡುಗಿ ಗೊಳೋ ಎಂದು ಅತ್ತಳು, ನಿರ್ಮಾಪಕ ಬ್ರೆಂಟ್ ಖುಷಿಯಿಂದ ಕುಣಿದಾಡಿದ. ಇನ್ನೊಂದು ದಿನ ಬಿಸಿ ತುಂಡು ನಾಲಿಗೆ ಸುಟ್ಟಿತೆಂದು ಕರವಸ್ತ್ರಕ್ಕೆ ಉಗುಳಿದಳು. ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ಹೊಡೆದರು. ಅಂದಿನಿಂದ ಉಗುಳುವುದೇ ಅವಳ ಉದ್ಯೋಗವಾಯಿತು. ಯಾವ ಕೇಕನ್ನು ಉಗುಳಬೇಕು ಎಂದು ಬ್ರೆಂಟ್ ಅವಳ ಕಿವಿಯೊಳಗಿನ ಯಂತ್ರದಲ್ಲಿ ಹೇಳುತ್ತಿದ್ದ. ಅವಳ ಮುಖ ಅಚ್ಚುಹಾಕಿದ ಕರವಸ್ತ್ರಗಳು ಅಂಗಡಿಗೆ ಬಂದವು.

ಪ್ರಸಿದ್ಧಿ ಎಂದರೇನೆಂದು ನಾನು ಕಣ್ಣಾರೆ ನೋಡಿದ್ದು ಅವಳ ಜೊತೆ ಓಡಾಡಿ. ತರಕಾರಿ ಕೊಳ್ಳಲು ಹೋದರೆ ಹೆಂಗಸರು ತಿನ್ನುತ್ತಿದ್ದ ಮಫಿನ್ ಮುಂದೆ ಹಿಡಿದು, "ಒಂದೇ ಒಂದ್ ಸಲ ಉಗುಳಿ ಮೇಡಂ, ವಿಡಿಯೋ ಮಾಡ್ಕೋತೀನಿ" ಎಂದು ಗೋಗರೆಯುತ್ತಿದ್ದರು. ಹಲ್ಲಿನ ಡಾಕ್ಟರು ಕೂಡ ಬಾಯಿ ಮುಕ್ಕಳಿಸಲು ನೀರು ಕೊಟ್ಟು ಕಣ್ಣು ಹೊಡೆದ. ಒಮ್ಮೆ ಹೋಟೆಲಿನಲ್ಲಿ ಅವಳು ಊಟ ಚೆನ್ನಾಗಿದೆ ಅಂದದ್ದೇ ತಪ್ಪಾಯಿತು. ವ್ಯಂಗ್ಯವೆಂದುಕೊಂಡ ಮಾಣಿ ಬೆವರಿ, ಮಾಲೀಕನನ್ನೇ ಕರೆದುಕೊಂಡು ಬಂದ. ಈ ದೇಶದಲ್ಲಿ ಎನಿಡ್‌ಳ ಬೈಗುಳಕ್ಕೆ ಮಾತ್ರ ಬೆಲೆ ಇತ್ತು.

ಹೀಗಿರುವಾಗ ಘಟ್ಟದಾಚೆಯ ಬೇಕರ್ಸ್‌ಫೀಲ್ಡ್ ಊರಿನಿಂದ ವರ್ನನ್ ಟಿಡ್‌ವೆಲ್ ಎಂಬ ಮುದುಕ ಸ್ಪರ್ಧೆಗೆ ಬಂದ. ತೈಲಬಾವಿಗಳಲ್ಲಿ ದುಡಿದ ಕೈ, ಇಸ್ತ್ರಿ ಮಾಡಿದ ಅಂಗಿ, ಎದೆಗವಚಿಕೊಂಡ ಟೋಪಿ. ಮಜ್ಜಿಗೆ ಹಾಕಿ ಒಣ ಪ್ಲಮ್ ಹಣ್ಣಿನ ಕೇಕ್ ಮಾಡಿದ್ದ. "ನನ್ ಹೆಂಡ್ತಿ ಅರ್ಡೆಲ್ ಮಾಡ್ತಿದ್ದದ್ದು ಅಮ್ಮಾ. ಹೋದ ವರ್ಷ ತೀರ್ಕೊಂಡ್ಳು. ಅವಳ ಕೈರುಚಿ ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ ಬಂದೆ" ಅಂದ.

ಎನಿಡ್ ಬಾಯಿಗಿಟ್ಟಳು. ನಾನು ಪರದೆಯ ಪಕ್ಕದಲ್ಲೇ ಪೌಡರ್ ಡಬ್ಬಿ ಹಿಡಿದು ನಿಂತಿದ್ದೆ. ಅವಳ ಕಣ್ಣು ತಾನಾಗಿ ಮುಚ್ಚಿತು, ಗಂಟಲು ಆಡಿತು. ಅಷ್ಟರಲ್ಲಿ ಬ್ರೆಂಟ್ ಕಿವಿಯಲ್ಲಿ ಏನೋ ಅಂದಿರಬೇಕು. ಅವಳು ಕರವಸ್ತ್ರ ತೆಗೆದು ಉಗುಳಿದಳು. "ಇದನ್ನ ಇಷ್ಟು ವರ್ಷ ತಿಂದ್ರಾ ವರ್ನನ್? ಹೆಂಡ್ತಿ ಮೇಲೆ ನಿಮಗೆ ಭಾರೀ ಪ್ರೀತಿ ಇದ್ದಿರ್ಬೇಕು ಬಿಡಿ!" ಅಂದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ವರ್ನನ್ ಕೂಡ ನಕ್ಕ. "ಥ್ಯಾಂಕ್ಸ್ ಅಮ್ಮಾ" ಅಂದು ಕೇಕಿನ ತಟ್ಟೆಯನ್ನು ತಾನೇ ಎತ್ತಿಕೊಂಡು ಹೊರಟುಹೋದ.

ಮನೆಗೆ ಹೋಗುವಾಗ ಕಾರಿನಲ್ಲಿ ಎನಿಡ್ ಕೊರಳಿನ ಮುತ್ತಿನ ಸರ ಬಿಚ್ಚಿ ಮಡಿಲಿಗೆ ಹಾಕಿಕೊಂಡಳು. ಆಮೇಲೆ, "ಅರ್ಧ ನುಂಗ್ಬಿಟ್ಟಿದ್ದೆ ಕಣೇ. ಅಂಥ ಕೇಕ್ ನಾನು ಜನ್ಮದಲ್ಲಿ ತಿಂದಿಲ್ಲ" ಅಂದಳು.

"ಮತ್ಯಾಕೆ ಉಗುಳ್ದೆ?"

"ಉಗುಳು ಅಂದ, ಉಗುಳ್ದೆ."

ನನಗೆ ಮೈಯೆಲ್ಲ ಉರಿಯಿತು. ಬ್ರೆಂಟ್ ಮೇಲೋ ಅವಳ ಮೇಲೋ ಗೊತ್ತಾಗಲಿಲ್ಲ.

ಆ ಕಂತು ಪ್ರಸಾರವಾದ ಮೇಲೆ ಅವಳಿಗೆ ಇನ್ನಷ್ಟು ಹೆಸರು ಬಂತು. ಊಟ ಮಾತ್ರ ಸೇರದಾಯಿತು. ಕೊನೆಗೊಂದು ಭಾನುವಾರ, "ನಡಿ, ಆ ಮನುಷ್ಯನಿಗೆ ನಿಜ ಹೇಳ್ಬಿಟ್ಟು ಬರೋಣ" ಅಂದಳು. ಘಟ್ಟ ಹತ್ತಿಳಿದು ಬೇಕರ್ಸ್‌ಫೀಲ್ಡ್ ಮುಟ್ಟಿದೆವು.

ವರ್ನನ್ ನಮ್ಮನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ಮಂಜುಗಡ್ಡೆ ಹಾಕಿದ ಚಹಾ ಕೊಟ್ಟ. ತಣ್ಣಗಿನ ಚಹಾ ಕಂಡರೆ ಮುಖ ಸಿಂಡರಿಸುವ ಎನಿಡ್ ಅಂದು ಮರುಮಾತಿಲ್ಲದೆ ಕುಡಿದಳು. "ನಿಮ್ ಹೆಂಡ್ತಿ ಕೇಕ್ ತುಂಬಾ ಚೆನ್ನಾಗಿತ್ತು ವರ್ನನ್. ಅದನ್ನ ಹೇಳೋಕೇ ಬಂದೆ."

ವರ್ನನ್ ತಲೆಯಾಡಿಸಿದ. "ನಿಮ್ದು ದೊಡ್ಡ ಮನಸ್ಸು. ಆದ್ರೆ ಬೇಡಿ ಅಮ್ಮಾ. ನಿಮಗೆ ಮುಲಾಜಿಲ್ಲ ಅಂತ ದೇಶಕ್ಕೇ ಗೊತ್ತು. ಅಲ್ಲಿ ಇದ್ದಿದ್ದು ಇದ್ದ ಹಾಗೆ ಹೇಳಿದ್ರಿ. ಇಲ್ಲಿ ಮುದುಕ ನೊಂದ್ಕೋತಾನೆ ಅಂತ ಹೇಳ್ತಿದೀರ."

"ಇಲ್ಲ ಕಣ್ರೀ, ನಿಜವಾಗ್ಲೂ."

"ನಾನು ಮದುವೆ ಆದಾಗಿಂದ ಅದನ್ನ ತಿಂದೋನು. ಪ್ರೀತಿ ಇದ್ರೆ ನಾಲಿಗೆಗೆ ಏನೂ ತಿಳಿಯಲ್ಲ ಅಂತ ನೀವೇ ತೋರಿಸ್ಕೊಟ್ರಿ. ಹಾಗಾದ್ರೆ ಇನ್ನೂ ಯಾವ್ಯಾವ್ದರಲ್ಲಿ ನಾನು ಮೋಸ ಹೋಗಿದ್ನೋ ಅಂತ ಈಗ ಕೂತು ಯೋಚ್ನೆ ಮಾಡ್ತೀನಿ."

ಎನಿಡ್ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ನಾನು ಸುಳ್ಳು ಹೇಳ್ದೆ ವರ್ನನ್. ಉಗುಳೋಕೇ ನಂಗೆ ಸಂಬಳ."

ವರ್ನನ್ ಅವಳನ್ನೇ ನೋಡಿದ. "ಅರ್ಡೆಲ್ ಕೈ ಅಡುಗೆ ಉಗುಳೋಕೆ ಸಂಬಳ?"

"ಹೂಂ."

"ಹಾಗಿದ್ರೆ ನನ್ ಅಡುಗೆಮನೇಲಿ ಬಂದು ಪಿಸುಗುಟ್ಟಿದ್ರೆ ಆಗ್ಲಿಲ್ಲ ಅಮ್ಮಾ. ಎಲ್ಲಿ ಉಗುಳಿದ್ರೋ ಅಲ್ಲೇ ಹೇಳಿ. ಅಲ್ಲೀವರೆಗೂ ಯಾವುದನ್ನ ನಂಬ್ಬೇಕೋ ನಂಗೆ ತಿಳಿಯಲ್ಲ."

ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನು, ಟೀವಿಯಲ್ಲಿ ಹಾಗೆಲ್ಲ ಹೇಳಬೇಡವೆಂದು ಬುದ್ಧಿ ಹೇಳಿದೆ. ಅವಳ ವೀಸಾ ಆ ಒಂದು ಕೆಲಸಕ್ಕೇ ಕಟ್ಟಿದ್ದು. ಕೆಲಸ ಹೋದರೆ ದೇಶವನ್ನೂ ಬಿಡಬೇಕು. "ನಿನ್ ಹೊಟ್ಟೆ ಮೇಲೆ ನೀನೇ ಹೊಡ್ಕೋಬೇಡ ಕಣೇ" ಅಂದೆ.

"ಓಲ್ಡ್‌ಹ್ಯಾಮ್‌ನಲ್ಲಿ ಮಕ್ಕಳಿಗೆ ಇನ್ನೂ ಹಸಿವಾಗುತ್ತೆ, ಸುಮ್ನಿರು" ಅಂದಳು.

ಸ್ಪರ್ಧೆಯ ಕೊನೆಯ ಸುತ್ತು ನೇರ ಪ್ರಸಾರ. ಗೆದ್ದವರ ಹೆಸರು ಹೇಳಬೇಕಾದ ಹೊತ್ತಿನಲ್ಲಿ ಎನಿಡ್ ಕ್ಯಾಮೆರಾ ಕಡೆ ತಿರುಗಿದಳು. "ಬೇಕರ್ಸ್‌ಫೀಲ್ಡ್‌ನ ಅರ್ಡೆಲ್ ಟಿಡ್‌ವೆಲ್ ಮಾಡ್ತಿದ್ದ ಕೇಕ್ ನಾನು ತಿಂದಿದ್ರಲ್ಲೆಲ್ಲಾ ಚೆನ್ನಾಗಿತ್ತು. ನಾನು ಸುಳ್ಳು ಹೇಳ್ದೆ."

ಜನ ಗೊಳ್ಳೆಂದು ನಕ್ಕರು. ಹಿಂದೆಯೇ ಚುರುಕು ಮಾತೊಂದು ಬರುತ್ತದೆಂದು ಕಾದರು. ಬ್ರೆಂಟ್ ಕೂಡ ಹೆಬ್ಬೆರಳು ಎತ್ತಿ ತೋರಿಸಿದ.

"ನಗ್ಬೇಡಿ" ಅಂದಳು. ನಗು ಇನ್ನೂ ಜೋರಾಯಿತು.

ಅವಳು ಕಿವಿಯ ಯಂತ್ರ ಕಿತ್ತು ಮೇಜಿನ ಮೇಲಿಟ್ಟಳು. "ಉಗುಳು ಅಂದ್ರು, ಉಗುಳ್ದೆ. ಇಲ್ಲಿ ಎಲ್ಲಾ ಹೀಗೇನೆ. ತೀರ್ಕೊಂಡಿರೋ ಹೆಂಗಸಿನ ಕೈಅಡುಗೇನ ದುಡ್ಡಿಗೋಸ್ಕರ ಉಗುಳ್ದೆ. ನಂಗೆ ನಾಚಿಕೆ ಆಗ್ತಿದೆ." ಆಗ ಬ್ರೆಂಟನ ಕೈ ಕೆಳಗಿಳಿಯಿತು. ಜನ ಮಾತ್ರ ನಗುತ್ತಲೇ ಇದ್ದರು. ಮುಂದಿನ ಸಾಲಿನ ಒಬ್ಬಾಕೆ ಎನಿಡ್‌ಳ ಮುಖ ಅಚ್ಚುಹಾಕಿದ ಕರವಸ್ತ್ರದಲ್ಲೇ ಕಣ್ಣೊರೆಸಿಕೊಂಡು ನಕ್ಕಳು. ಅಷ್ಟರಲ್ಲಿ ಜಾಹೀರಾತು ಹಾಕಿದರು.

ಎನಿಡ್ ಬಣ್ಣದ ಕೋಣೆಗೆ ಬಂದು ಕುಕ್ಕರಿಸಿದಳು. "ಒಬ್ರೂ ನಂಬ್ಲಿಲ್ಲ ಡಿಲಿಸ್." ನಾನು ಅವಳ ಮುಖದ ಬಣ್ಣ ತೆಗೆದೆ. ಅವಳನ್ನು ಅಷ್ಟು ಪ್ರೀತಿಸಿದ್ದು ನಾನು ಅದೇ ಮೊದಲು.

ಅದೇ ವಾರ ಅವಳನ್ನು ಕೆಲಸದಿಂದ ತೆಗೆದರು. ಬಟ್ಟೆಬರೆ ಕಟ್ಟಲು ನಾನೂ ಅವಳ ಮನೆಗೆ ಹೋಗಿದ್ದೆ. ಅಷ್ಟರಲ್ಲಿ ಫೋನ್ ಬಂತು. ವರ್ನನ್‌ದು. ಕೈ ತುಂಬ ಬಟ್ಟೆ ಇದ್ದುದರಿಂದ ಎನಿಡ್ ಫೋನಿನ ಧ್ವನಿ ಜೋರು ಮಾಡಿ ಮಂಚದ ಮೇಲಿಟ್ಟಳು.

"ನೋಡ್ದೆ ಅಮ್ಮಾ. ಎಲ್ರೂ ನಕ್ರು."

"ಹೌದು ವರ್ನನ್. ನನ್ ಕೈಲಿ ಆಗಿದ್ದು ಅಷ್ಟೇ."

"ನಂಗೆ ನಗು ಬರ್ಲಿಲ್ಲ. ನಿಮ್ ಮುಖ ನೋಡ್ತಿದ್ದೆ. ನೀವು ಉಗುಳಿದಾಗಿಂದ ನಾನು ಅರ್ಡೆಲ್ ಸಮಾಧಿ ಹತ್ರ ಹೋಗಿರ್ಲಿಲ್ಲ. ಇವತ್ತು ಬೆಳಿಗ್ಗೆ ಹೋದೆ. ಬಹಳ ಹೊತ್ತು ಕೂತಿದ್ದೆ."

ಎನಿಡ್ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತಿದ್ದಳು. "ಏನ್ ಹೇಳಿದ್ರಿ ಅವರಿಗೆ?"

"ತಪ್ಪಾಯ್ತು ಅಂದೆ. ನಿನ್ನನ್ನ ಬಿಟ್ಟು ಟೀವಿಯವಳನ್ನ ನಂಬ್ಬಿಟ್ಟೆ, ತಪ್ಪಾಯ್ತು ಅಂದೆ."