ಪೆಟ್ಟಿಗೆಯ ಮಾತು ಕೇಳುತ್ತಿದ್ದ ರತ್ನಕ್ಕ

ರತ್ನಕ್ಕ ಮುಚ್ಚಿದ ಉಪ್ಪಿನಕಾಯಿ ಬಾಟಲಿಯನ್ನು ಮುಂಬಯಿ ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಬೇರೆ ಯಾರೂ ತೆರೆದ ಇತಿಹಾಸವಿಲ್ಲ. ಅವರು ನಿಲ್ಲಿಸಿದ ನಲ್ಲಿಯನ್ನು ತಿರುಗಿಸಲು ಜಿಮ್‌ಗೆ ಹೋಗುವ ಪಕ್ಕದ ಮನೆಯವನನ್ನು ಕರೆಯಬೇಕಿತ್ತು. ಅವನೂ ಒಮ್ಮೊಮ್ಮೆ ಹೆಗಲು ನೀವಿಕೊಳ್ಳುತ್ತ ವಾಪಸು ಹೋಗುತ್ತಿದ್ದ. ನನ್ನಮ್ಮ ಅವರಲ್ಲಿ ಮಿಡಿ ಉಪ್ಪಿನಕಾಯಿ ಕೇಳಲು ಹೋದಾಗಲೆಲ್ಲ, "ಮುಚ್ಚಳ ಬೇಡ ರತ್ನಕ್ಕ, ತಟ್ಟೆಯಲ್ಲೇ ಹಾಕಿ ಕೊಡಿ" ಎಂದು ಬೇಡಿಕೊಳ್ಳುತ್ತಿದ್ದಳು.

ಕುಳ್ಳಗಿನ ಮೈ, ತಲೆಯ ಚರ್ಮವೇ ಎಳೆದುಕೊಂಡು ಬರುವಂತೆ ಬಿಗಿದ ತುರುಬು, ಸೀರೆಯ ಮೇಲೆ ತೀರಿಹೋದ ಗಂಡನ ಖಾಕಿ ಅಂಗಿ. ಆ ವೇಷದಲ್ಲಿ ಅವರು ಪಿಕಪ್ ಓಡಿಸುತ್ತಿದ್ದರು. ಊರು ಮೂಲ್ಕಿಯ ಹತ್ತಿರ. ಮುಂಬಯಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಮಾತಿನಲ್ಲಿ ಇನ್ನೂ ಮೂಲ್ಕಿಯ ಬಸ್‌ಸ್ಟ್ಯಾಂಡ್ ಕೇಳುತ್ತಿತ್ತು. ನಡುವೆ ಬೈಯುವುದಕ್ಕೆ ಮಾತ್ರ ಹಿಂದಿ.

ನಾನು ಮಿಮಿಕ್ರಿಯವನು. ಹೊಟ್ಟೆಪಾಡಿಗೆ ಡಬ್ಬಿಂಗ್ ಸ್ಟುಡಿಯೋಗಳಲ್ಲಿ ಜನರ ಗದ್ದಲಕ್ಕೆ ದನಿ ಕೊಡುತ್ತೇನೆ. ಒಂದು ಧಾರಾವಾಹಿಯಲ್ಲಿ ಹಾಲಿನವನೂ ನಾನೇ, ಅವನ ಎಮ್ಮೆಯೂ ನಾನೇ. ಎಮ್ಮೆಗೆ ಹೆಚ್ಚು ಮಾತಿತ್ತು. ಔಟ್‌ಡೋರ್ ಶೂಟಿಂಗ್ ಇದ್ದರೆ ಗುಂಪಿನಲ್ಲಿ ನಿಲ್ಲಲೂ ಹೋಗುತ್ತೇನೆ. ನನ್ನ ಮುಖ ಇದುವರೆಗೆ ಯಾವ ತೆರೆಯ ಮೇಲೂ ಪೂರ್ತಿಯಾಗಿ ಬಂದಿಲ್ಲ. ಒಂದು ಸಲ ಎಡಗಿವಿ ಬಂದಿದೆ. ಅದನ್ನು ಅಮ್ಮ ನೆಂಟರಿಗೆಲ್ಲ ತೋರಿಸಿದ್ದಾಳೆ.

ಅಂಥ ಶೂಟಿಂಗ್‌ಗಳಿಗೇ ರತ್ನಕ್ಕನ ಪಿಕಪ್ ಹೋಗುತ್ತಿತ್ತು, ಬೆನ್ನ ಮೇಲೊಂದು ಪೆಟ್ಟಿಗೆ ಹೊತ್ತುಕೊಂಡು. ಪ್ಲೈವುಡ್ಡಿಗೆ ಅಲ್ಯೂಮಿನಿಯಂ ತಗಡು ಹೊದಿಸಿದ ಪುಟ್ಟ ಕೋಣೆ ಅದು: ಒಳಗೆ ಕನ್ನಡಿ, ಎರಡು ಸ್ಟೂಲು, ಪರದೆಯ ಹಿಂದೆ ಕಕ್ಕಸು. ನಾಯಕಿಯರಿಗೆ ಎಸಿ ವ್ಯಾನ್ ಇರುತ್ತದೆ. ಗುಂಪಿನ ಹೆಂಗಸರು ಬಯಲಲ್ಲಿ ಒಬ್ಬರಿಗೊಬ್ಬರು ಸೀರೆ ಅಡ್ಡ ಹಿಡಿದು ಬಟ್ಟೆ ಬದಲಾಯಿಸಬೇಕು. ಗಂಡ ಶೂಟಿಂಗ್‌ಗಳಿಗೆ ಊಟ ಒಯ್ಯುತ್ತಿದ್ದ ಕಾಲದಲ್ಲಿ ರತ್ನಕ್ಕ ಅದನ್ನು ನೋಡಿದ್ದರು. ಗಂಡ ಹೋದ ಮೇಲೆ ಡ್ರೈವಿಂಗ್ ಕಲಿತರು, ಪೆಟ್ಟಿಗೆ ಮಾಡಿಸಿದರು. "ಗಾಳಿ ಬೀಸಿದ್ರೆ ಮಾನ ಹೋಗ್ಬಾರ್ದು, ಅಷ್ಟೇ" ಎನ್ನುತ್ತಿದ್ದರು. ಅದರ ಬಗ್ಗೆ ಅದಕ್ಕಿಂತ ಹೆಚ್ಚು ಮಾತಿರಲಿಲ್ಲ.

ಉಳಿದ ದಿನಗಳಲ್ಲಿ ಅದೇ ಪಿಕಪ್ಪು ಹೋಟೆಲುಗಳಿಗೆ ತರಕಾರಿ ಸಾಗಿಸಬೇಕು. ಹಾಗಾಗಿ ಪೆಟ್ಟಿಗೆಯನ್ನು ಇಳಿಸಿ ಚಾಳಿನ ಮುಂದೆ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿರುತ್ತಿದ್ದರು. ಶೂಟಿಂಗ್ ಬಂದಾಗ ಮತ್ತೆ ಹತ್ತಿಸಿ ಕಟ್ಟಬೇಕು. ಆ ಕಟ್ಟುವಿಕೆ ನೋಡಲು ಚಾಳಿನ ಅರ್ಧ ಜನ ಬಾಲ್ಕನಿಗೆ ಬರುತ್ತಿದ್ದರು. ಪೆಟ್ಟಿಗೆ ಜಾರದಂತೆ ಅಡಿಯಲ್ಲಿ ಬೈಕುಲ್ಲಾದಿಂದ ತಂದ ದಪ್ಪ ರಬ್ಬರ್ ಚಾಪೆ. ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗದಂತೆ ಮರದ ದಿಮ್ಮಿ. ನಾಲ್ಕು ಮೂಲೆಗೂ ಸರಪಳಿ. ಮುಂದಿನವು ಮುಂದಕ್ಕೆ ಎಳೆಯಬೇಕು, ಹಿಂದಿನವು ಹಿಂದಕ್ಕೆ. ಪ್ರತಿ ಸರಪಳಿಯ ನಡುವೆ ತಿರುಗಿಸಿ ಬಿಗಿಯುವ ಕಬ್ಬಿಣದ ತಿರುಪು.

ಇಲ್ಲೊಂದು ಆಶ್ಚರ್ಯ. ನಲ್ಲಿಯನ್ನು ಕೊಲ್ಲುವ ಕೈ ಈ ತಿರುಪಿನ ಹತ್ತಿರ ಬಂದಾಗ ಮೆತ್ತಗಾಗುತ್ತಿತ್ತು. "ಇನ್ನೊಂದು ಸುತ್ತು ಬಿಗೀರಿ ಅಕ್ಕ, ಇದೇನು ಉಪ್ಪಿನಕಾಯಿಗಿಂತ ಕಡಿಮೆಯಾ?" ಎಂದು ನಾನು ಕೆಣಕಿದರೆ, ಪೆಟ್ಟಿಗೆಯ ಮೂಲೆಯಲ್ಲಿದ್ದ ತಗಡಿನ ತೇಪೆಯನ್ನು ತೋರಿಸುತ್ತಿದ್ದರು. ಮೊದಲ ಪ್ರಯಾಣದಲ್ಲಿ ಉಪ್ಪಿನಕಾಯಿಯ ಹಾಗೇ ಬಿಗಿದು ಮೂಲೆ ಕಿತ್ತು ಬಂದಿತ್ತಂತೆ.

"ಸತ್ತ ಹಾಗೆ ಕಟ್ಲಿಕ್ಕಿಲ್ಲ ಮಾರಾಯ. ಅಲ್ಲಾಡ್ಬಾರ್ದು, ಆದ್ರೆ ಉಸಿರಾಡ್ಬೇಕು."

ಆಮೇಲೆ ಪೆಟ್ಟಿಗೆಯೊಳಗೆ ಬಟ್ಟೆಗಳ ಭಾರದ ಟ್ರಂಕು ಕೆಳಗೆ, ಮುಂದಕ್ಕೆ. ನೀರಿನ ಟ್ಯಾಂಕ್ ಖಾಲಿ. ಸ್ಟೂಲುಗಳು ಅಡ್ಡ, ಕನ್ನಡಿಗೆ ಕಂಬಳಿ, ಬಾಗಿಲಿಗೆ ಚಿಲಕ. ಗಾಡಿ ಓಡುವಾಗ ಪೆಟ್ಟಿಗೆಯೊಳಗೆ ಯಾರೂ ಕೂರುವಂತಿಲ್ಲ. "ಒಳಗೆ ಮಲಗಿ ಬರ್ತೇನೆ" ಎಂದು ನಾನೊಮ್ಮೆ ಹೇಳಿದ್ದಕ್ಕೆ, "ಹೆಣ ಸಾಗಿಸುವ ಲೈಸೆನ್ಸ್ ಇಲ್ಲ ನನ್ನ ಹತ್ರ" ಎಂದಿದ್ದರು.

ಬಸ್ಸಿನ ಚಾರ್ಜು ಉಳಿಯುತ್ತದೆಂದು ನಾನು ಮುಂದಿನ ಸೀಟಿನಲ್ಲಿ ಅವರ ಎಡಕ್ಕೆ ಕೂರುತ್ತಿದ್ದೆ. ಷರತ್ತು ಒಂದೇ: ಬಾಯಿ ಮುಚ್ಚಿಕೊಂಡಿರಬೇಕು. ಇದು ನನಗೆ ಬಸ್ ಚಾರ್ಜಿಗಿಂತ ದುಬಾರಿ. ದಹಿಸರ್ ದಾಟಿದ ಮೇಲೆ ಒಂದು ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ, ಇಳಿದು, ನಾಲ್ಕೂ ತಿರುಪುಗಳನ್ನು ಮತ್ತೆ ಮುಟ್ಟಿ ನೋಡುತ್ತಿದ್ದರು. ಹೊರಟ ಸ್ವಲ್ಪ ದೂರದಲ್ಲೇ ಕಟ್ಟು ಸಡಿಲುವುದಂತೆ. ಅಲ್ಲಿಂದ ಮುಂದೆ ಕಿವಿಯದೇ ಕೆಲಸ. ಜವ್ಹಾರ್ ಕಡೆಯ ಹೊಂಡದ ರಸ್ತೆಯಲ್ಲಿ ನಾನು ಏನಾದರೂ ಶುರುಮಾಡಿದರೆ, "ಚುಪ್ ಬೈಠ್. ಪೆಟ್ಟಿಗೆ ಮಾತಾಡ್ತಾ ಉಂಟು" ಎನ್ನುತ್ತಿದ್ದರು. ಪೆಟ್ಟಿಗೆಗೆ ಸಿಗುತ್ತಿದ್ದ ಮರ್ಯಾದೆ ನನ್ನ ಎಮ್ಮೆಗೂ ಸಿಕ್ಕಿರಲಿಲ್ಲ.

ಅವರ ಕಿವಿ ಹೋಗುತ್ತಿದೆ ಎಂದು ಮೊದಲು ಗೊತ್ತಾದದ್ದು ನನಗೆ. ಒಂದು ಸಂಜೆ ಪಡಸಾಲೆಯಲ್ಲಿ ನಾನು ಚಾಳಿನ ಸೆಕ್ರೆಟರಿಯ ನಕಲು ಮಾಡುತ್ತಿದ್ದೆ. ಎಲ್ಲರೂ ನಕ್ಕರು. ರತ್ನಕ್ಕ ಎಲ್ಲರ ಮುಖ ನೋಡಿ, ಆಮೇಲೆ ನಕ್ಕರು. ಮಿಮಿಕ್ರಿಯವನಿಗೆ ತಡವಾಗಿ ಬರುವ ನಗು ತಕ್ಷಣ ತಿಳಿಯುತ್ತದೆ. ಅಂಥ ನಗು ನನಗೆ ಜೀವನದಲ್ಲಿ ಬಹಳ ಸಿಕ್ಕಿದೆ. ಕೆಲವು ದಿನಗಳಲ್ಲಿ ಅವರು ಪಡಸಾಲೆಗೆ ಬರುವುದನ್ನೇ ಬಿಟ್ಟರು. ಇಳಿಸಿಟ್ಟ ಪೆಟ್ಟಿಗೆಯೊಳಗೆ ಸ್ಟೂಲಿನ ಮೇಲೆ ಕುಳಿತು, ಕನ್ನಡಿಗೆ ಬೆನ್ನು ಹಾಕಿ ಊಟ ಮಾಡುತ್ತಿದ್ದರು. ಯಾಕೆಂದು ಕೇಳಿದೆ. "ಇಲ್ಲಿ ಯಾರೂ ಮಾತಾಡೋದಿಲ್ಲ ಅಲ್ವಾ, ಕೇಳದಿದ್ರೂ ಗೊತ್ತಾಗೋದಿಲ್ಲ" ಎಂದರು.

ಅದರ ನಂತರದ ಪ್ರಯಾಣದಲ್ಲಿ, ಮನೋರ್ ದಾಟಿ ರಸ್ತೆ ಕೆಟ್ಟ ಮೇಲೆ, ಹಿಂದಿನಿಂದ ಒಂದು ಸದ್ದು ಬಂತು. ರತ್ನಕ್ಕ ಸುಮ್ಮನೆ ಓಡಿಸುತ್ತಿದ್ದರು. ನಾನು ತಡೆದುಕೊಂಡೆ, ತಡೆದುಕೊಂಡೆ, ಕೊನೆಗೆ ಹೇಳಿದೆ: "ಅಕ್ಕ, ಪೆಟ್ಟಿಗೆ ಮಾತಾಡ್ತಾ ಉಂಟು."

ಅವರು ಗಾಡಿ ಪಕ್ಕಕ್ಕೆ ಹಾಕಿ ಸ್ಟೀರಿಂಗ್ ಹಿಡಿದುಕೊಂಡೇ ಕೂತರು. "ಎಂತ ಹೇಳ್ತದೆ?"

"ಗೊತ್ತಿಲ್ಲ. ಏನೋ ಒಂದು ಸದ್ದು."

"ಮಾಡು ನೋಡುವ."

ಬಲಗಿವಿ ಆಗಲೇ ಹೋಗಿತ್ತು. ಎಡಗಿವಿಗೆ, ಅಂದರೆ ನನ್ನ ಕಡೆಯದಕ್ಕೆ, ಬಾಯಿ ತಂದು ಜೋರಾಗಿ ಮಾಡಿದೆ: "ಖಟ್... ಠಣ್. ಖಟ್... ಠಣ್."

"ಹಿಂದಿನ ಎಡಗಡೆ" ಎಂದರು. ಇಳಿದು ನೋಡಿದರೆ ಹಿಂದಿನ ಎಡಗಡೆಯ ತಿರುಪು ಸಡಿಲವಾಗಿತ್ತು. ಬಿಗಿದು ಬಂದು ಕೂತವರು ಗಾಡಿ ಸ್ಟಾರ್ಟ್ ಮಾಡಿದರು. ಆಮೇಲೆ, "ನೀನು ಇಷ್ಟು ದಿನ ಮಾಡಿದ್ದರಲ್ಲಿ ಇದೊಂದು ಮಿಮಿಕ್ರಿ ಚಂದ ಇತ್ತು" ಎಂದರು.

ಹೀಗೆ ಬಾಯಿ ಮುಚ್ಚಿಕೊಂಡಿರಬೇಕಾದವನಿಗೆ ಬಾಯಿಯದೇ ನೌಕರಿ ಸಿಕ್ಕಿತು. ಚಾಪೆ ಜರುಗಿದರೆ 'ಕಿರ್ರ್'. ಬಾಗಿಲ ಚಿಲಕ 'ಟಕಟಕ'. ದಿಮ್ಮಿ ಬಿದ್ದಿದ್ದರೆ ಬ್ರೇಕ್ ಹಾಕಿದಾಗ 'ಧಪ್'. ನಾನು ಮಾಡುವುದು, ಅವರು ಹೇಳುವುದು. ಕಿವಿಯ ಯಂತ್ರ ತಂದು ನೋಡಿದ್ದರು. "ಇದ್ರಲ್ಲಿ ಎಂಜಿನ್ ಮಾತ್ರ ಬೊಬ್ಬೆ ಹಾಕ್ತದೆ. ಪೆಟ್ಟಿಗೆ ಪಾಪ, ಹಿಂದೆಯೇ ಉಳೀತದೆ" ಎಂದು ಡಬ್ಬಿಯೊಳಗಿಟ್ಟು ಮುಚ್ಚಿಬಿಟ್ಟರು. ರತ್ನಕ್ಕ ಮುಚ್ಚಿದ ಮೇಲೆ ಆ ಡಬ್ಬಿಯ ಕಥೆಯೂ ಮುಗಿದ ಹಾಗೆ.

ಒಮ್ಮೆ ಲೊಕೇಷನ್ನಿನಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಬಂದು ಗಾಡಿ ಸ್ವಲ್ಪ ಹಿಂದಕ್ಕೆ ತೆಗೆಯುವಂತೆ ಗೊಣಗಿದ. ಅವನದು ಮೂಗಿನ ದನಿ. "ರತ್ನಾಜೀ, ಗಾಡಿ ಥೋಡಾ ಪೀಛೇ." ಅವರಿಗೆ ಕೇಳಲಿಲ್ಲ. ನಾನು ಕಿವಿಯ ಹತ್ತಿರ ಹೋಗಿ, ಅಭ್ಯಾಸಬಲದಿಂದ, ಅವನ ಮೂಗಿನಲ್ಲೇ ಹೇಳಿದೆ: "ರತ್ನಾಜೀ, ಗಾಡಿ ಥೋಡಾ ಪೀಛೇ." ಮ್ಯಾನೇಜರ್ ಕೆಂಪಾದ. ರತ್ನಕ್ಕ ನಕ್ಕ ನಗುವಿಗೆ ಬಟ್ಟೆ ಬದಲಾಯಿಸುತ್ತಿದ್ದ ಹೆಂಗಸರು ಪೆಟ್ಟಿಗೆಯಿಂದ ತಲೆ ಹೊರಹಾಕಿ ನೋಡಿದರು. ಆ ನಗು ತಡವಾಗಿ ಬಂದದ್ದಲ್ಲ. ನನಗೆ ಇದುವರೆಗೆ ಸಿಕ್ಕ ನಗುಗಳಲ್ಲಿ ಅದನ್ನು ಬೇರೆಯಾಗಿ ಇಟ್ಟುಕೊಂಡಿದ್ದೇನೆ.

ಇದು ಹೆಚ್ಚು ಕಾಲ ನಡೆಯುವಂತಿರಲಿಲ್ಲ. ಒಂದು ಮಧ್ಯಾಹ್ನ, ವಾಪಸು ಬರುವಾಗ, ನಾನು ಅವರ ಎಡಗಿವಿಯಲ್ಲಿ ಚಿಲಕದ ಸದ್ದು ಮಾಡುತ್ತಿದ್ದೆ. ಅದೇ ಹೊತ್ತಿಗೆ ಬಲಗಡೆಯಿಂದ ಒಂದು ಲಾರಿ ಹಾರ್ನ್ ಹಾಕುತ್ತ ನುಗ್ಗಿತು. ಅವರಿಗೆ ಕೇಳಲಿಲ್ಲ, ಹೊಂಡ ತಪ್ಪಿಸಲು ಬಲಕ್ಕೇ ತಿರುಗಿಸಿದರು. ನಾನು ಕಿರುಚಿದೆ. ಲಾರಿ ನಮ್ಮ ಸೈಡ್ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು. ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಪೆಟ್ಟಿಗೆ ಕಟ್ಟಿದ ಜಾಗ ಬಿಟ್ಟು ಕೂದಲೆಳೆಯಷ್ಟೂ ಕದಲಿರಲಿಲ್ಲ.

ರತ್ನಕ್ಕ ಇಳಿದು ಒಂದು ಸುತ್ತು ಬಂದರು. ನಾಲ್ಕೂ ಸರಪಳಿ ಮುಟ್ಟಿದರು. ಕನ್ನಡಿ ಇದ್ದ ಜಾಗವನ್ನೂ ಮುಟ್ಟಿದರು.

"ಕಟ್ಟಿದ್ದು ಸರಿ ಉಂಟು" ಎಂದರು. "ಓಡಿಸೋದು ಸರಿ ಇಲ್ಲ."

"ಅಕ್ಕ, ಇನ್ನು ಮೇಲೆ ಹಾರ್ನ್ ಕೂಡ ನಾನೇ—"

"ಎರಡು ಬಾಯಿ ಉಂಟಾ ನಿನಗೆ? ಒಂದೇ ಹೆಚ್ಚಾಗಿದೆ." ತಮಾಷೆಗೇ ಹೇಳಿದರು, ಆದರೆ ನನ್ನ ಕಡೆ ನೋಡಲಿಲ್ಲ. ಅವರು ಕರೆಸಿದ ಪರಿಚಯದ ಡ್ರೈವರ್ ಬರುವವರೆಗೆ ನಾವು ಮರದ ನೆರಳಲ್ಲಿ ಕೂತಿದ್ದೆವು.

ಪಿಕಪ್ಪನ್ನೂ ಪೆಟ್ಟಿಗೆಯನ್ನೂ ಭಾಂಡುಪ್ಪಿನ ಒಬ್ಬ ತರುಣಿ ಕೊಂಡಳು, ಸವಿತಾ ಎಂದು. ಅದೇ ಕೆಲಸಕ್ಕೆ, ಹೆಂಗಸರಿಗಾಗಿಯೇ. ಅವಳಲ್ಲದೆ ಬೇರೆ ಯಾರಿಗೂ ರತ್ನಕ್ಕ ಕೊಡುತ್ತಿರಲಿಲ್ಲ. ಒಯ್ಯುವ ದಿನ ಚಾಳಿನ ಮುಂದೆ ಅವಳ ಕೈಯಲ್ಲೇ ಪೆಟ್ಟಿಗೆ ಕಟ್ಟಿಸಿದರು. ಅವಳು ಜೋರಾಗಿ ತಿರುಪು ಬಿಗಿದಾಗ ಆ ತಗಡಿನ ತೇಪೆ ತೋರಿಸಿದರು. ಅಷ್ಟು ಹೊತ್ತಿಗೆ ಎಡಗಿವಿಯೂ ಪೂರ್ತಿ ಹೋಗಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಾ ಸದ್ದು ಮಾಡು ಅವಳಿಗೆ. ಒಂದೂ ಬಿಡ್ಬೇಡ" ಎಂದರು.

ನಾನು ರಸ್ತೆಯ ನಡುವೆ ನಿಂತು ಶುರುಮಾಡಿದೆ. ಸವಿತಾ ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ರತ್ನಕ್ಕ ನಗಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವರು ಹೇಳಿದ್ದನ್ನು ನಾನೇ ಸವಿತಾಗೆ ಹಿಂದಿಯಲ್ಲಿ ಹೇಳುತ್ತಿದ್ದೆ.

"ಖಟ್... ಠಣ್."

"ಹಿಂದಿನ ಎಡಗಡೆ" ಎಂದರು ರತ್ನಕ್ಕ.

"ಕಿರ್ರ್."

"ಚಾಪೆ. ಪೆಟ್ಟಿಗೆ ಇಳಿಸಿ ಸರಿ ಮಾಡು."

"ಧಪ್."

"ದಿಮ್ಮಿ ಇಲ್ಲ. ಅಲ್ಲೇ ನಿಲ್ಲಿಸು, ಮುಂದೆ ಹೋಗ್ಬೇಡ."

ಒಂದೂ ತಪ್ಪಲಿಲ್ಲ. ಅವರಿಗೆ ಕೇಳುತ್ತಿರಲಿಲ್ಲ ಎಂದು ಸವಿತಾಗೆ ಗೊತ್ತೇ ಆಗಲಿಲ್ಲ. ಕೊನೆಗೆ, ಎಲ್ಲ ಸರಿಯಿದ್ದರೆ ಯಾವ ಸದ್ದು ಬರುತ್ತದೆಂದು ಅವಳು ಕೇಳಿದಳು, "ಸಬ್ ಬರಾಬರ್ ಹೋ ತೋ ಕೈಸಾ ಆವಾಜ್?"

ನಾನು ಬಾಯಿ ಮುಚ್ಚಿ ನಿಂತೆ.

ರತ್ನಕ್ಕ ನನ್ನ ಮುಚ್ಚಿದ ತುಟಿಯನ್ನು ನೋಡಿ ತಲೆದೂಗಿದರು. "ಹಾಂ. ಅದೇ."

ಪಿಕಪ್ ಹೊರಟಿತು. ತಿರುವಿನಲ್ಲಿ ಮರೆಯಾಗುವವರೆಗೂ ಅವರು ಎಡಗಿವಿಯನ್ನು ಆ ಕಡೆಗೆ ಹಿಡಿದು ನಿಂತಿದ್ದರು.

ಈಗ ಅವರು ಮೂಲ್ಕಿಯಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಆಗಾಗ ಫೋನ್ ಮಾಡುತ್ತಾರೆ. ಒಬ್ಬರೇ ಮಾತಾಡಿ, "ನೀನು ಎಂತ ಹೇಳ್ತಿಯೋ ನನಗೆ ಕೇಳೋದಿಲ್ಲ ಮಾರಾಯ, ಇಡ್ತೇನೆ" ಎಂದು ಇಟ್ಟುಬಿಡುತ್ತಾರೆ. ನಾನು ಅಷ್ಟು ಹೊತ್ತೂ ಈ ಕಡೆ ಏನೋ ಹೇಳುತ್ತಲೇ ಇರುತ್ತೇನೆ.

ಮೊನ್ನೆ ಬಾಂದ್ರಾದ ಸ್ಟುಡಿಯೋದ ಹೊರಗೆ ಚಹಾ ಕುಡಿಯುತ್ತಿದ್ದಾಗ ಸಾಮಾನು ಹೇರಿದ ಒಂದು ಪಿಕಪ್ ಸ್ಪೀಡ್‌ಬ್ರೇಕರ್ ಹತ್ತಿ ಇಳಿಯಿತು. ಖಟ್, ಠಣ್. "ಹಿಂದಿನ ಎಡಗಡೆ" ಎಂದೆ, ಅವರ ದನಿಯಲ್ಲಿ. ಬಹಳ ಚೆನ್ನಾಗಿ ಬಂತು. ಮೂಲ್ಕಿಯ ಬಸ್‌ಸ್ಟ್ಯಾಂಡ್ ಸಮೇತ. ಜೊತೆಗಿದ್ದ ಹುಡುಗರು ನನ್ನ ಮುಖ ನೋಡುತ್ತ ಕಾದರು.

"ಯೇ ಕಿಸ್ಕಾ ಆವಾಜ್ ಹೈ ರೇ?" ಯಾರ ದನಿಯಿದು ಎಂದು ಒಬ್ಬ ಕೇಳಿದ.

ಪಿಕಪ್ ದೂರ ಹೋಗುತ್ತಿತ್ತು. ನಾನು ಗ್ಲಾಸು ಕೆಳಗಿಟ್ಟು, ಹಿಂದಿನ ಸರಪಳಿ ನೋಡಲು ಹೇಳೋಣವೆಂದು ಅದರ ಹಿಂದೆ ಓಡಿದೆ.